ತೊಗರಿ ಸೀಸನ್‌ನಾಗ ನಿದ್ದೆಗೇಡು, ಕತ್ತು ಬಿಗಿತ: ಕೆಲಸದ ಒತ್ತಡವೇ?

ಪ್ರಶ್ನೆ: ಕಲಬುರಗಿ ದಾಲ್ ಮಿಲ್‌ಗಳಲ್ಲಿ ತೊಗರಿ ಆವಕ ಶುರುವಾದರೆ ಲೆಕ್ಕ ಬರೆಯೋರಿಗೆ ದಿನಕ್ಕೆ 12 ತಾಸು ಕೆಲಸ. ಕತ್ತು ಬಿಗಿತ, ಎದೆಯುರಿ, ನಸುಕಿನ 3ಕ್ಕೇ ಎಚ್ಚರ. ಇದು ಒತ್ತಡವೇ? ಏನು ಮಾಡಬೇಕು?

ಉತ್ತರ 1: ಮೂರಕ್ಕೂ ಒತ್ತಡ ಕಾರಣ ಆಗಬಹುದು. ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಏರಿದ್ರ ಸ್ನಾಯು ಸಡಿಲ ಆಗಂಗಿಲ್ಲ, ನಿದ್ದೆ ತೆಳು ಆಗ್ತದ. ಲೆಜರ್ ಮ್ಯಾಲೆ ಬಗ್ಗಿದಾಗ ಭುಜ ಕಿವಿ ಕಡೆ ಎದ್ದಿರ್ತಾವ, ಗೊತ್ತೇ ಆಗಂಗಿಲ್ಲ. ತಾಸಿಗೊಮ್ಮೆ ಎದ್ದು ಭುಜ ಇಳಿಬಿಡ್ರಿ. ಸಂಜೆ 4ರ ಮ್ಯಾಲೆ ಚಾ ಬ್ಯಾಡ, ಕೆಫೀನ್ ಅರ್ಧ ಇಳಿಯಾಕೇ ಸುಮಾರು 5 ತಾಸು ಬೇಕು. ಎದೆಯುರಿ ತಗ್ಗಾಕ ಊಟ ಆಗಿ 2–3 ತಾಸಿನ ಮ್ಯಾಲೆ ಮಲಗ್ರಿ.

ಉತ್ತರ 2: ಮೊದಲು ಬಿಪಿ ನೋಡಿಸಿ. 5 ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಮಟ್ಟಕ್ಕಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ. ಚಾ ಕುಡಿದ ಅರ್ಧ ತಾಸಿನೊಳಗೆ ನೋಡಿದರೆ ಹೆಚ್ಚು ತೋರಿಸಬಹುದು. ಬೇರೆ ಬೇರೆ ದಿನವೂ 140/90 ದಾಟಿದರೆ ವೈದ್ಯರನ್ನು ಕಾಣಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ ದಯವಿಟ್ಟು ಗ್ಯಾಸ್ ಅಂದುಕೊಂಡು ಕೂರಬೇಡಿ, 108ಕ್ಕೆ ಕರೆ ಮಾಡಿ.

ಉತ್ತರ 3: ಎರಡು ವಾರ ಯಾವುದರ ಮೇಲೂ ಮನಸ್ಸಿಲ್ಲ ಅಂದ್ರ ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡ್ರಿ: 14416, ಉಚಿತ, 24 ತಾಸು. ಕನ್ನಡದಾಗೇ ಮಾತಾಡಬಹುದು.