ಹಲ್ಲು ಹುಳುಕು ವಂಶದಿಂದಲೇ ಬರುತ್ತದಾ? ಹಾಗಿದ್ದರೆ ಬ್ರಷ್ ಮಾಡಿಸಿ ಏನು ಪ್ರಯೋಜನ?

ಅರಸೀಕೆರೆ ಅಮ್ಮ:

ಮಗಳಿಗೆ ಐದೂವರೆ ವರ್ಷ. ಕೆಳಗಿನ ದವಡೆಯಲ್ಲಿ ಹಿಂದಿನ ನಾಲ್ಕು ಹಾಲು ಹಲ್ಲೂ ಹುಳುಕಾಗಿವೆ. ಎರಡಕ್ಕೆ ನರದ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕಬೇಕು, ಇನ್ನೆರಡಕ್ಕೆ ಫಿಲ್ಲಿಂಗ್ ಸಾಕು ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯಲ್ಲಿ ಹೇಳಿದರೆ ಅತ್ತೆ, "ಬಿದ್ದುಹೋಗೋ ಹಲ್ಲಿಗೆ ಯಾಕೆ ದುಡ್ಡು ಸುರೀತೀಯ? ನಮ್ಮ ವಂಶದ ಹಲ್ಲೇ ಹಾಗೆ" ಅಂದರು. ಅವರಿಗೆ ಐವತ್ತು ತುಂಬುವ ಮೊದಲೇ ಹಲ್ಲಿನ ಸೆಟ್ ಬಂದಿದೆ. ನಮ್ಮ ಯಜಮಾನರಿಗೂ ರೂಟ್ ಕೆನಾಲ್‌ಗಳು ಆಗಿವೆ. ನನ್ನ ಬಾಯಲ್ಲಿ ಒಂದೂ ಹುಳುಕಿಲ್ಲ. ಇನ್ನು ಮೈದುನನ ಮಗ ಇಡೀ ದಿನ ಚಾಕೊಲೇಟ್ ತಿನ್ನುತ್ತಾನೆ, ಬ್ರಷ್ ಕಂಡರೆ ಓಡುತ್ತಾನೆ, ಅವನಿಗೆ ಏನೂ ಆಗಿಲ್ಲ. ಹಾಗಾದರೆ ಇದು ಜೀನ್ಸ್ ಅಲ್ವಾ? ಇದಕ್ಕೆ ಟೆಸ್ಟ್ ಏನಾದರೂ ಇದೆಯಾ? ವಂಶದ್ದೇ ಆದರೆ ದಿನಾ ರಾತ್ರಿ ಮಗುವನ್ನು ಅಳಿಸಿ ಯಾಕೆ ಬ್ರಷ್ ಮಾಡಿಸಬೇಕು?

ಹಳೇ ಹಲ್ಲು ಡಾಕ್ಟರ್, ಹಾಸನ:

ಮೊದಲು ಒಂದು ಪ್ರಶ್ನೆ. ನಿಮ್ಮ ಅತ್ತೆಯವರ ಹಲ್ಲು ಹುಳುಕಾಗಿ ಕೀಳಿಸಿದ್ದಾ, ಇಲ್ಲಾ ಚೆನ್ನಾಗಿದ್ದ ಹಲ್ಲೇ ಅಲ್ಲಾಡಿ ಬಿದ್ದವಾ? ಅಲ್ಲಾಡಿ ಬಿದ್ದಿದ್ದರೆ ಅದು ವಸಡಿನ ಕಾಯಿಲೆ. ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇದ್ದರೆ ಜಾಸ್ತಿ ಆಗುತ್ತದೆ. ನಿಮ್ಮ ಮಗಳದ್ದು ಹುಳುಕು. ಇವೆರಡೂ ಬೇರೆ ಬೇರೆ ಕಾಯಿಲೆ. ನಮ್ಮ ಕಡೆ ಎರಡನ್ನೂ ಸೇರಿಸಿ "ವಂಶದ ಹಲ್ಲು" ಅಂತ ಒಂದೇ ಮೂಟೆ ಕಟ್ಟಿಬಿಡುತ್ತಾರೆ.

ನಿಜವಾಗಿ ವಂಶದಿಂದ ಬರುವ ಹಲ್ಲಿನ ತೊಂದರೆಗಳೂ ಇವೆ, ಆದರೆ ಅಪರೂಪ. ಅಮೆಲೊಜೆನೆಸಿಸ್ ಇಂಪರ್ಫೆಕ್ಟಾ ಅಂತ ಒಂದು. ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮೆಲ್ ಕಟ್ಟುವ ಜೀನ್‌ನಲ್ಲೇ ದೋಷ. ಅದರಲ್ಲಿ ಹಾಲು ಹಲ್ಲು, ಆಮೇಲೆ ಬರುವ ಹಲ್ಲು ಎಲ್ಲವೂ ಹಳದಿಯೋ ಕಂದೋ ಆಗಿರುತ್ತವೆ, ಎನಾಮೆಲ್ ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತದೆ. ನಾಲ್ಕು ದವಡೆ ಹಲ್ಲು ಮಾತ್ರ ಕೆಟ್ಟು ಉಳಿದವು ಬೆಳ್ಳಗಿವೆ ಅಂದರೆ ಅದಲ್ಲ.

ಮಾಮೂಲಿ ಹುಳುಕಿನಲ್ಲಿ ಜೀನ್ಸ್ ಪಾಲೇ ಇಲ್ಲ ಅನ್ನುವುದಿಲ್ಲ. ಎನಾಮೆಲ್ ಎಷ್ಟು ಗಟ್ಟಿ, ದವಡೆ ಹಲ್ಲಿನ ಗುಳಿ ಎಷ್ಟು ಆಳ, ಜೊಲ್ಲು ಎಷ್ಟು ಬರುತ್ತದೆ, ಇದರಲ್ಲೆಲ್ಲ ಅಪ್ಪ ಅಮ್ಮನ ಕೊಡುಗೆ ಇರುತ್ತದೆ. ಎಷ್ಟು ಪಾಲು ಅನ್ನುವುದರಲ್ಲಿ ಅವಳಿ ಮಕ್ಕಳ ಅಧ್ಯಯನಗಳೇ ಒಂದರಂತೆ ಇನ್ನೊಂದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು 173 ಜೋಡಿ ಅವಳಿಗಳನ್ನು ಹೊಟ್ಟೆಯಲ್ಲಿದ್ದಾಗಿನಿಂದ ಆರು ವರ್ಷದವರೆಗೆ ಗಮನಿಸಿ 2019ರಲ್ಲಿ ವರದಿ ಮಾಡಿದರು. ಜೀನ್ಸ್ ಒಂದೇ ಇರುವ ತದ್ರೂಪಿ ಅವಳಿಗಳ ಹುಳುಕು ಬೇರೆ ಅವಳಿಗಳಿಗಿಂತ ಜಾಸ್ತಿ ಹೋಲುತ್ತಿರಲಿಲ್ಲ. ಹುಳುಕು ಜೀನ್ಸ್‌ದೇ ಆಗಿದ್ದರೆ ಹೋಲಬೇಕಿತ್ತಲ್ಲ? ಬೇರೆ ಕೆಲವು ಅಧ್ಯಯನಗಳಲ್ಲಿ ಜೀನ್ಸ್ ಪಾಲು ಇದಕ್ಕಿಂತ ಜಾಸ್ತಿ ಕಂಡಿದೆ. ಏನೇ ಇರಲಿ, ಚಿಕಿತ್ಸೆಗೆ ದಾರಿ ತೋರಿಸುವಂಥ ಜೀನ್ ಟೆಸ್ಟ್ ಹುಳುಕಿಗೆ ಇಲ್ಲ. ಯಾರಾದರೂ ಮಾರಲು ಬಂದರೆ ಸುಮ್ನೆ ದುಡ್ಡು ಕೊಡಬೇಡಿ.

ಮೈದುನನ ಮಗನ ವಿಷಯ. ಅವನ ಬಾಯಿಗೆ ಟಾರ್ಚ್ ಬಿಟ್ಟು ಯಾರಾದರೂ ನೋಡಿದ್ದಾರಾ? ನೋವು ಬರುವವರೆಗೆ ಎಲ್ಲರ ಹಲ್ಲೂ ಚೆನ್ನಾಗಿಯೇ ಇರುತ್ತದೆ.

ಮಗಳು ಏನು ತಿನ್ನುತ್ತಾಳೆ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿನ್ನುತ್ತಾಳೆ ಹೇಳಿ. ಮಲಗುವ ಮುಂಚೆ ಏನು ಕುಡಿಯುತ್ತಾಳೆ ಅದನ್ನೂ ಹೇಳಿ.

ಅರಸೀಕೆರೆ ಅಮ್ಮ:

ಸರ್, ಅತ್ತೆಯವರ ಹಲ್ಲು ಅಲ್ಲಾಡಿಯೇ ಬಿದ್ದಿದ್ದಂತೆ, ಈಗ ಕೇಳಿದೆ. ಶುಗರ್ ಇದೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪೂ ಇತ್ತು. ಮಗಳು ಸ್ಕೂಲ್ ಬಸ್ಸಲ್ಲಿ ಕ್ರೀಮ್ ಬಿಸ್ಕತ್ತು, ಸಂಜೆ ಅವರ ತಾತ ಬೇಕರಿಯಿಂದ ತರುವ ಬನ್, ಮಧ್ಯೆ ಮಧ್ಯೆ ಏನಾದರೂ ಬಾಯಾಡಿಸುತ್ತಲೇ ಇರುತ್ತಾಳೆ. ರಾತ್ರಿ ಬ್ರಷ್ ಆದ ಮೇಲೆ ಒಂದು ಲೋಟ ಸಕ್ಕರೆ ಹಾಲು. ಇಲ್ಲದಿದ್ದರೆ ಮಲಗುವುದೇ ಇಲ್ಲ.

ಪಾವಗಡದವನು:

ಅಕ್ಕ, ವಂಶ ಅನ್ನುವ ಮಾತಿಗೆ ನಮ್ಮೂರಿನ ಕಥೆ ಹೇಳುತ್ತೇನೆ. ನಮ್ಮ ಅಜ್ಜ, ಅಪ್ಪ, ಚಿಕ್ಕಪ್ಪಂದಿರು, ನಾನು, ಎಲ್ಲರ ಹಲ್ಲಲ್ಲೂ ಕಂದು ಪಟ್ಟೆ. "ಅವರ ಮನೆ ಹಲ್ಲು" ಅಂತಲೇ ಗುರುತು ಹಿಡಿಯುತ್ತಿದ್ದರು. ಅಣ್ಣನಿಗೆ ಹೆಣ್ಣು ನೋಡಲು ಹೋದಾಗಲೂ ಈ ಮಾತು ಬಂತು. ಆದರೆ ಮೈಸೂರಿಗೆ ಮದುವೆಯಾಗಿ ಹೋದ ಅತ್ತೆಯ ಮಕ್ಕಳ ಹಲ್ಲು ಮಲ್ಲಿಗೆ ಬಿಳುಪು. ರಕ್ತ ಒಂದೇ, ಕುಡಿದ ನೀರು ಬೇರೆ. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ದವಡೆಯೊಳಗೆ ಬೆಳೆಯುವ ವಯಸ್ಸಲ್ಲಿ ಕುಡಿದರೆ ಕಲೆ ಬೀಳುತ್ತದೆ, ಬಂದ ಮೇಲೆ ಉಜ್ಜಿದರೆ ಹೋಗಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕಾಯಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಫಿಲ್ಟರ್ ಬೇಕು. ನಿಮ್ಮದೂ ಬೋರ್ ನೀರಾದರೆ ಒಮ್ಮೆ ಟೆಸ್ಟ್ ಮಾಡಿಸಿ.

ಅರಸೀಕೆರೆ ಅಮ್ಮ:

ಟೂತ್‌ಪೇಸ್ಟಲ್ಲೂ ಫ್ಲೋರೈಡ್ ಇರುತ್ತದಲ್ಲ? ಹಾಗಾದರೆ ಮಗಳಿಗೆ ಅದೂ ಬೇಡವಾ?

ಹಳೇ ಹಲ್ಲು ಡಾಕ್ಟರ್, ಹಾಸನ:

ಬೇಕು. ಪಾವಗಡದವರು ಹೇಳಿದ್ದು ಸರಿ, ಆದರೆ ಅದಕ್ಕೆ ಇನ್ನೊಂದು ಮುಖ ಇದೆ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲೂ ಊರಿಗೆ ಊರೇ ಕಂದು ಹಲ್ಲು. 1901ರಲ್ಲಿ ಅಲ್ಲಿಗೆ ಹೋದ ಫ್ರೆಡರಿಕ್ ಮೆಕೇ ಅನ್ನುವ ಹಲ್ಲಿನ ಡಾಕ್ಟರ್ ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು. ಕಾರಣ ನೀರಿನ ಫ್ಲೋರೈಡ್ ಅಂತ ಗೊತ್ತಾಗಿದ್ದು 1931ರಲ್ಲಿ. ಅಷ್ಟರಲ್ಲಿ ಅವರಿಗೆ ಕಂಡ ಇನ್ನೊಂದು ಸಂಗತಿ, ಆ ಕಲೆ ಹಲ್ಲುಗಳಲ್ಲಿ ಹುಳುಕು ಕಡಿಮೆ. ಈಗ ಪೇಸ್ಟಿಗೆ ಫ್ಲೋರೈಡ್ ಹಾಕುವುದು ಆ ಗುಣಕ್ಕೇ. ನುಂಗಿದರೆ ತೊಂದರೆ, ಹಲ್ಲಿಗೆ ತಾಗಿದರೆ ಒಳ್ಳೆಯದು. ಪೇಸ್ಟಿನ ಮೇಲೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಅಂತ ಇದೆಯಾ ನೋಡಿ. ಬಟಾಣಿ ಕಾಳಿನಷ್ಟು ಸಾಕು, ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕುತ್ತಾರಲ್ಲ, ಹಾಗಲ್ಲ. ಉಗುಳಿಸಿ. ಆಮೇಲೆ ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸುವುದು ಬೇಡ.

ಈಗ ಬಿಸ್ಕತ್ತಿಗೆ ಬರೋಣ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ ಅಂದರೆ ಆಮ್ಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ. ಅದು ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗಲು ಶುರು. ಜೊಲ್ಲು ಅದನ್ನು ಸರಿ ಮಾಡಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಹೋದರೆ ಲೆಕ್ಕ ಮತ್ತೆ ಮೊದಲಿಂದ. ಸ್ವೀಡನ್ನಿನ ವಿಪೆಹೋಲ್ಮ್ ಅನ್ನುವ ಮಾನಸಿಕ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ರೋಗಿಗಳಿಗೆ ಅಂಟುವ ಟಾಫಿ ತಿನ್ನಿಸಿ ನೋಡಿದ್ದರು. ಒಪ್ಪಿಗೆ ಕೇಳದೆ ಮಾಡಿದ ಕೆಲಸ, ನನಗೆ ಅದನ್ನು ಹೇಳುವಾಗಲೂ ಕಸಿವಿಸಿ. ಆದರೆ ಅಲ್ಲಿ ಕಂಡಿದ್ದು ಸುಳ್ಳಲ್ಲ. ಊಟದ ಜೊತೆ ಸಕ್ಕರೆ ತಿಂದವರಿಗಿಂತ ಊಟಗಳ ಮಧ್ಯೆ ಟಾಫಿ ತಿಂದವರಿಗೆ ಹುಳುಕು ತುಂಬಾ ಜಾಸ್ತಿ ಆಯಿತು.

ಹಾಗಾಗಿ ತಾತನ ಬನ್ ನಿಲ್ಲಿಸಬೇಡಿ, ಪಾಪ. ಸಂಜೆ ಒಂದೇ ಸಲ ತಿಂದು ಮುಗಿಸಲಿ. ಬಸ್ಸಿಗೆ ಕಡಲೆಬೀಜ, ಸೌತೆಕಾಯಿ ಕೊಡಿ. ಹಾಲು ಮೊದಲು, ಬ್ರಷ್ ಕೊನೆಗೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ರಾತ್ರಿಯ ಸಕ್ಕರೆ ಹಾಲು ಹಲ್ಲಿನ ಮೇಲೇ ಕೂತಿರುತ್ತದೆ.

ಬಿದ್ದುಹೋಗುವ ಹಲ್ಲು ಅಂತ ಬಿಡಬೇಡಿ. ಹಿಂದಿನ ಹಾಲು ಹಲ್ಲು 10ರಿಂದ 12 ವರ್ಷದವರೆಗೆ ಇರಬೇಕು. ಈಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಮುಂದೆ ಕ್ಲಿಪ್ ಹಾಕಿಸುವ ಖರ್ಚು ಬೇರೆ. ಇನ್ನೊಂದು, ಆರರ ಆಸುಪಾಸಿನಲ್ಲಿ ಈ ನಾಲ್ಕರ ಹಿಂದೆ ಎಡಕ್ಕೊಂದು ಬಲಕ್ಕೊಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅಪ್ಪ ಅಮ್ಮ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವನಪೂರ್ತಿ ಇರುವ ಹಲ್ಲು. ಪೂರ್ತಿ ಮೇಲೆ ಬಂದ ತಕ್ಷಣ ಗುಳಿ ಮುಚ್ಚುವ ಸೀಲೆಂಟ್ ಹಾಕಿಸಿ. ನಿಮ್ಮ ಯಜಮಾನರಿಗೆ ಆಳದ ಗುಳಿ ಇದ್ದು ಇವಳಿಗೂ ಅದೇ ಬಂದಿದ್ದರೆ ಅಲ್ಲಿಗೆ ಅದಕ್ಕೂ ದಾರಿ ಆಯಿತು.

ಅರಸೀಕೆರೆ ಅಮ್ಮ:

ಈಗಲೇ ಟಾರ್ಚ್ ಹಾಕಿ ನೋಡಿದೆ ಸರ್. ಎಡಗಡೆ ವಸಡಿನಲ್ಲಿ ಬೆಳ್ಳಗೆ ತುದಿ ಕಾಣುತ್ತಿದೆ, ಬಲಗಡೆ ಇನ್ನೂ ಇಲ್ಲ. ಸೀಲೆಂಟಿಗೆ ತುಂಬಾ ಖರ್ಚಾಗುತ್ತದಾ?

ಹಳೇ ಹಲ್ಲು ಡಾಕ್ಟರ್, ಹಾಸನ:

ರೂಟ್ ಕೆನಾಲ್ ಮುಂದೆ ಏನೂ ಅಲ್ಲ. ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಇನ್ನೂ ಕಡಿಮೆಗೆ ಆಗುತ್ತದೆ. ಕ್ಯಾಪ್ ಹಾಕಿಸಲು ಹೋದಾಗಲೇ ಇದನ್ನೂ ಕೇಳಿ. ಮೈದುನನ ಮಗನನ್ನೂ ಕರೆದುಕೊಂಡು ಹೋಗಿ.