ಬಿಕೋ ಎನ್ನುವ ದೃಶ್ಯಕ್ಕೆ ಪಿಟೀಲು ಬೇಕೇ?

ಕೇಳಿದವರು: 12 ನಿಮಿಷದ ನನ್ನ ಕಿರುಚಿತ್ರ ಸಂಕಲನದ (ಎಡಿಟಿಂಗ್) ಹಂತದಲ್ಲಿದೆ. ಮಗ ಹೇಳದೆ ಊರು ಬಿಟ್ಟನೆಂದು ತಿಳಿದ ಅಮ್ಮ ಅಡುಗೆಮನೆಯಲ್ಲಿ ಸುಮ್ಮನೆ ನಿಲ್ಲುತ್ತಾಳೆ. ದೃಶ್ಯ ಬಿಕೋ ಎನ್ನುತ್ತಿದೆ. ಗೆಳೆಯರೆಲ್ಲ ಪಿಟೀಲು ಹಾಕು ಎನ್ನುತ್ತಾರೆ. ಅನುಭವಸ್ಥರು ಏನು ಹೇಳುತ್ತೀರಿ?

ಚಿತ್ರೀಕರಣದಲ್ಲಿ ಧ್ವನಿಗ್ರಹಣ ಮಾಡುವವನು: ಪಿಟೀಲು ಆಮೇಲೆ. ರೂಮ್ ಟೋನ್ ಹಿಡಿದಿದ್ದೀರಾ? ಯಾರೂ ಮಾತನಾಡದಿದ್ದರೂ ಪ್ರತಿ ಕೋಣೆಗೂ ಅದರದೇ ಒಂದು ಸದ್ದಿರುತ್ತದೆ. ಅದಿಲ್ಲದೆ ಮಾತಿನ ನಡುವೆ ಖಾಲಿ ಬಿಟ್ಟರೆ ಟೀವಿಯ ಸದ್ದೇ ಹೋಯಿತೇನೋ ಎನಿಸುತ್ತದೆ. ನಾನು ಪ್ರತಿ ಜಾಗದಲ್ಲೂ ಎಲ್ಲರನ್ನೂ ಅಲುಗಾಡದಂತೆ ನಿಲ್ಲಿಸಿ ಒಂದು ನಿಮಿಷ ಹಿಡಿಯುತ್ತೇನೆ. ಊಟದ ಹೊತ್ತಾಗಿದ್ದರೆ ಬೈಗುಳ ಖಚಿತ. ನೀವು ಹಿಡಿದಿಲ್ಲವಾದರೆ ‘ಆಕ್ಷನ್’ಗೆ ಮೊದಲಿನ, ‘ಕಟ್’ ನಂತರದ ಚೂರುಗಳನ್ನು ಹುಡುಕಿ. ಅಂದ ಹಾಗೆ, ಮಾತು ಹಿಡಿಯುವಾಗ ಫ್ರಿಜ್ ಆರಿಸಬೇಕಾಗುತ್ತದೆ. ಒಮ್ಮೆ ಆರಿಸಿ ಮರೆತು ಬಂದೆ. ಮನೆಯವರ ಹಾಲೆಲ್ಲ ಒಡೆದುಹೋಯಿತು. ಅಂದಿನಿಂದ ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುತ್ತೇನೆ. ಅದನ್ನು ತೆಗೆಯದೆ ಮನೆಗೆ ಹೋಗುವಂತಿಲ್ಲವಲ್ಲ!

ಧಾರಾವಾಹಿಗೆ ಹಿನ್ನೆಲೆ ಸಂಗೀತ ಕೂರಿಸುವವಳು: ಸೊಸೆ ತಿರುಗಿ ನೋಡಿದರೆ ಮೂರು ಸಲ ಢಂ ಎನ್ನಿಸುವವರು ನಾವೇ. ನಗಬೇಡಿ. ಎಷ್ಟೋ ಮಂದಿ ಒಗ್ಗರಣೆ ಹಾಕುತ್ತಲೇ ಧಾರಾವಾಹಿ ‘ನೋಡುತ್ತಾರೆ’. ಏನೋ ಆಯಿತು, ಬೇಗ ಬನ್ನಿ ಎಂದು ಅವರನ್ನು ಕೂಗಿ ಕರೆಯುವುದು ಆ ಢಂಕಾರದ ಕೆಲಸ. ಎದುರಿಗೇ ಕುಳಿತವರನ್ನು ನೀವೇಕೆ ಕೂಗಬೇಕು?

ಚಿತ್ರ ಸಮಾಜದ ಹಳಬ: ಸಂಗೀತವೇ ಬೇಡ ಎನ್ನಲಾರೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ನೋಡಿ. ಮಗಳು ತೀರಿಕೊಂಡದ್ದು ತಿಳಿಯದ ಅಪ್ಪ ಪರಊರಿನಿಂದ ಬಂದು, ಅವಳಿಗೆಂದು ತಂದ ಸೀರೆ ತೋರಿಸುತ್ತಾನೆ. ಅಮ್ಮ ಅದನ್ನು ಹಲ್ಲಿನಲ್ಲಿ ಕಚ್ಚಿ ಕುಸಿಯುತ್ತಾಳೆ. ಅವಳ ಅಳು ನಮಗೆ ಕೇಳುವುದೇ ಇಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ಎಂಬ, ಕಮಾನಿನಿಂದ ನುಡಿಸುವ ತಂತಿವಾದ್ಯ ಚೀರುತ್ತದೆ. ಸಂಗೀತ ರವಿಶಂಕರ್ ಅವರದು. ಒಂದು ವಾದ್ಯಕ್ಕಾಗಿ ಅಳುವನ್ನೇ ಬಿಟ್ಟುಕೊಟ್ಟರು. ನಿಮ್ಮ ಪಿಟೀಲಿಗಾಗಿ ನೀವು ಏನು ಬಿಡುತ್ತೀರಿ?

ಮತ್ತೊಬ್ಬರು: ಏನೇ ಹಾಕಿ, ಮೊಬೈಲಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಹೆಡ್‌ಫೋನಿನಲ್ಲಿ ಎದೆ ನಡುಗಿಸಿದ ಮಂದ್ರದ ಗುಂಯ್ ಎಲ್ಲ ಅಲ್ಲಿ ಮಾಯ.

ಕೇಳಿದವರು: ಟೋನ್ ಹಿಡಿದಿರಲಿಲ್ಲ. ನಾಲ್ಕನೆಯ ಟೇಕಿನಲ್ಲಿ ‘ಕಟ್’ ಹೇಳಲು ತಡಮಾಡಿದ್ದೆ. 18 ಸೆಕೆಂಡು ಸಿಕ್ಕಿತು. ನಲ್ಲಿ ತೊಟ್ಟಿಕ್ಕುವುದೂ ಅದರಲ್ಲಿದೆ. ಅಂದು ನಲ್ಲಿ ಸರಿಯಾಗಿ ಮುಚ್ಚಿಲ್ಲವೆಂದು ಸಹಾಯಕನಿಗೆ ಬೈದಿದ್ದೆ.