ಪದಚರ್ಚೆ: ‘ಸ್ಟ್ಯಾಟಿಕ್ ಸೈಟ್’ ಅಂದರೆ ‘ಸ್ಥಿರ ತಾಣ’ವೇ? ‘ಕ್ಲೈಂಟ್-ಸೈಡ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಆಡುಮಾತಿನ ಪದಗಳನ್ನು ಕೂಡಿಸಿ ಒಂದು ಜಾಲತಾಣ ಮಾಡುತ್ತಿದ್ದೇವೆ. ಬೇರೆ ಊರಿನವರೂ ಇಂಥದ್ದು ಕಟ್ಟಿಕೊಳ್ಳಲಿ ಎಂದು ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲನೆಯದು ‘ಸ್ಟ್ಯಾಟಿಕ್ ಸೈಟ್’. ಇದನ್ನು ‘ಸ್ಥಿರ ತಾಣ’ ಅನ್ನಬಹುದು. ಆದರೆ ಸ್ಥಿರ ಅಂದ ಕೂಡಲೇ ನೆನಪಾಗುವುದು ಸ್ಥಿರಾಸ್ತಿ, ಸ್ಥಿರ ದೂರವಾಣಿ. ಕದಲದ ವಸ್ತು, ಅಲ್ವಾ? ಈ ತಾಣ ಹಾಗಿಲ್ಲ. ಇದರಲ್ಲಿ ಪದ ಹುಡುಕಬಹುದು, ನಕ್ಷೆ ಹಿಗ್ಗಿಸಬಹುದು, ಒಮ್ಮೆ ತೆರೆದ ಮೇಲೆ ಇಂಟರ್ನೆಟ್ ಇಲ್ಲದೆಯೂ ಓದುವಂತೆ ಮಾಡಬಹುದು. ಸರ್ವರ್ (ತಾಣದ ಕಡತಗಳಿರುವ ಕಂಪ್ಯೂಟರ್) ಮಾತ್ರ ತಯಾರಿರುವ ಕಡತವನ್ನು ಇದ್ದ ಹಾಗೇ ಕಳಿಸುತ್ತದೆ, ಅಷ್ಟೇ. ವರ್ಡ್‌ಪ್ರೆಸ್‌ ಎಂಬ ತಾಣ ಕಟ್ಟುವ ತಂತ್ರಾಂಶವಾದರೆ ಸಾಮಾನ್ಯವಾಗಿ ನಾವು ಕೇಳಿದ ಮೇಲೆ ಡೇಟಾಬೇಸ್‌ನಿಂದ ಮಾಹಿತಿ ತೆಗೆದು ಪುಟ ಕಟ್ಟುತ್ತದೆ. 2008ರಲ್ಲಿ ಬಂದ ಜೆಕಿಲ್, 2013ರ ಹ್ಯೂಗೋ ಎಂಬ ತಂತ್ರಾಂಶಗಳು ಆ ಕಟ್ಟುವ ಕೆಲಸವನ್ನು ಮೊದಲೇ ಮುಗಿಸಿಡುತ್ತವೆ. ಹಾಗಾಗಿ ‘ಸ್ಟ್ಯಾಟಿಕ್’ ಅನ್ನೋದು ಕಡತ ತಯಾರಾಗುವ ಬಗೆಯನ್ನು ಹೇಳುತ್ತದೆ. ಪುಟ ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನಲ್ಲ.

ನನಗೆ ಹೊಳೆದದ್ದು ‘ಸಿದ್ಧಪುಟ ತಾಣ’. ಅಂಗಡಿಯ ಸಿದ್ಧ ಉಡುಪಿನ ಹಾಗೆ. ಅಳತೆ ಕೊಟ್ಟು ಹೊಲಿಸಿದ್ದಲ್ಲ. ‘ಸ್ಥಾವರ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಚೆಂದದ ಪದವೇ. ಆದರೆ ಅದಕ್ಕೆ ವಚನಗಳ ಅರ್ಥಭಾರ ಇದೆ. ವಿದ್ಯುತ್ ಸ್ಥಾವರವೂ ಅಡ್ಡ ಬರುತ್ತದೆ.

ಎರಡನೆಯದು ‘ಕ್ಲೈಂಟ್-ಸೈಡ್’, ಇನ್ನೂ ಕಷ್ಟ. ‘ಕ್ಲೈಂಟ್’ ಅಂದರೆ ಕೋರ್ಟಿನಲ್ಲಿ ಕಕ್ಷಿದಾರ, ಅಂಗಡಿಯಲ್ಲಿ ಗ್ರಾಹಕ. ‘ಕ್ಲೈಂಟ್-ಸೈಡ್ ಕೋಡ್’ ಅನ್ನು ‘ಗ್ರಾಹಕ-ಬದಿ ಸಂಕೇತ’ ಎಂದು ಬರೆದರೆ ಯಾರಿಗೆ ಏನು ತಿಳಿಯುತ್ತದೆ? ಕೆಲಸ ನಡೆಯುವುದು ಓದುಗರ ಮೊಬೈಲಿನಲ್ಲಿ, ಅವರ ಬ್ರೌಸರಿನೊಳಗೆ. ನಮ್ಮ ತಾಣದಲ್ಲಿ ಎಲ್ಲ ಪದಗಳೂ ಒಂದೇ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಜೋಡಿಸಿಡುವ ಮಾದರಿ) ಕಡತದಲ್ಲಿವೆ. ಪುಟ ತೆರೆದಾಗ ಅದು ಓದುಗರ ಫೋನಿಗೆ ಬರುತ್ತದೆ. ಹುಡುಕುವುದು ಅಲ್ಲಿ ಓಡುವ, ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಕೋಡ್.

ಕನ್ನಡಕ್ಕೆ ಈ ಕೋಡ್ ಸ್ವಲ್ಪ ಜಾಸ್ತಿ ಕೆಲಸ ಮಾಡಬೇಕು. ‘ಕೋ’ದಲ್ಲಿನ ಓತ್ವವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ವರ್ಡ್‌ಪ್ರೆಸ್’ ಎಂದು ಬರೆಯುವಾಗ ನಡುವೆ ಕಾಣದ ಒಂದು ಅಕ್ಷರವೂ ಸೇರಿಕೊಳ್ಳುತ್ತದೆ. ಇವನ್ನೆಲ್ಲ ಒಂದೇ ರೂಪಕ್ಕೆ ತಂದ ಮೇಲೇ ಹೋಲಿಸಬೇಕು. ಜಾವಾಸ್ಕ್ರಿಪ್ಟ್‌ನ ‘ನಾರ್ಮಲೈಸ್’ ಎಂಬ ಆಜ್ಞೆ ಓತ್ವವನ್ನು ಸರಿಮಾಡುತ್ತದೆ. ಆ ಕಾಣದ ಅಕ್ಷರವನ್ನು ನಾವೇ ತೆಗೆಯಬೇಕು. ಇದೂ ಬ್ರೌಸರಿನಲ್ಲೇ ಆಗುವ ಕೆಲಸ.

ಪದ ಸ್ಪಷ್ಟವಾಗಿರಲೇಬೇಕು ಎಂದು ನಾನು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಬ್ರೌಸರಿಗೆ ಹೋದ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಪಾಸ್‌ವರ್ಡ್ ಆಗಲಿ ಗುಟ್ಟಿನ ಕೀ ಆಗಲಿ ಇಡಲೇಬಾರದು. ‘ಗ್ರಾಹಕ-ಬದಿ’ ಎಂಬ ಪದ ಈ ಎಚ್ಚರವನ್ನು ಕೊಡುವುದಿಲ್ಲ. ‘ಓದುಗರ ಬ್ರೌಸರಿನಲ್ಲಿ ಓಡುವ ಕೋಡ್’ ಅಂದರೆ ಹೊಸಬರಿಗೂ ಕೂಡಲೇ ಹೊಳೆಯುತ್ತದೆ. ಉದ್ದವಾಯಿತು, ನಿಜ. ಪದೇ ಪದೇ ಬರೆಯುವಾಗ ‘ಬ್ರೌಸರ್-ಕಡೆ ಕೋಡ್’ ಎಂದು ಚಿಕ್ಕದು ಮಾಡಬಹುದೇನೋ.

‘ಸರ್ವರ್’, ‘ಬ್ರೌಸರ್’ ಎರಡನ್ನೂ ಹಾಗೇ ಉಳಿಸಿಕೊಳ್ಳೋಣ ಅನ್ನೋದು ನನ್ನ ಅಭಿಪ್ರಾಯ. ಪಹಣಿ ತೆಗೆಸಲು ಹೋದವರೂ ‘ಸರ್ವರ್ ಇಲ್ಲ’ ಎಂಬ ಮಾತು ಕೇಳಿ ಬಲ್ಲವರೇ. ‘ಪರಿಚಾರಕ’ ಎಂದು ಬರೆದರೆ ಅವರನ್ನು ಸುಮ್ನೆ ದೂರ ಮಾಡಿದಂತೆ.

ಪಾಠ ಮಾಡುವವರು, ಪತ್ರಿಕೆಗೆ ತಂತ್ರಜ್ಞಾನ ಬರೆಯುವವರು ಇಲ್ಲಿ ಇದ್ದೀರಿ. ‘ಸಿದ್ಧಪುಟ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕ್ಲೈಂಟ್-ಸೈಡ್ ಅನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಿಮ್ಮ ಬಾಯಲ್ಲಿ ತಾನಾಗಿ ಬರುವ ಮಾತು ಯಾವುದು? ಒಂದು ಪೂರ್ತಿ ವಾಕ್ಯದಲ್ಲೇ ಬಳಸಿ ಬರೆದರೆ ಕೈಪಿಡಿಯಲ್ಲಿ ಕೂರಿಸಿ ನೋಡಲು ಅನುಕೂಲ.